ನಾಲ್ಕು ಗೌನು ಸವೆಸಿದ ಮೇಲೆ: ಚಳಿಗೆ ಯಾವ ಬಟ್ಟೆ ಒಳ್ಳೆಯದು?

ನನ್ನ ಮೊದಲ ಡ್ರೆಸಿಂಗ್ ಗೌನನ್ನು, ಅಂದರೆ ಮನೆಯಲ್ಲಿ ಬಟ್ಟೆಯ ಮೇಲೆ ಹಾಕಿಕೊಳ್ಳುವ ಉದ್ದ ನಿಲುವಂಗಿಯನ್ನು, ಬರೀ ಕೈಯಲ್ಲಿ ಸವರಿ ನೋಡಿ ಕೊಂಡೆ. ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ್ದರು, ಬೆರಳು ಹಾಯಿಸುತ್ತಾ ಹೋದೆ, ಒಂದರ ಹತ್ತಿರ ಕೈ ಅಲ್ಲೇ ನಿಂತುಬಿಟ್ಟಿತು. ಬೆಕ್ಕಿನ ಮರಿಯ ಹೊಟ್ಟೆ ಮುಟ್ಟಿದ ಹಾಗಿತ್ತು. ಒಳಗಿನ ಚೀಟಿ ಕೂಡ ಓದಲಿಲ್ಲ. ಮನೆಗೆ ತಂದು ಹಾಕಿಕೊಂಡು ಒಂದು ಗಂಟೆ ಓದುತ್ತಾ ಕೂತೆ, ಬೆನ್ನೆಲ್ಲ ಬೆವೆತಿತು. ಎದ್ದು ಸ್ವಲ್ಪ ಸಡಿಲ ಮಾಡಿದೆ, ಅದೇ ಬೆವರು ತಣ್ಣಗಾಗಿ ನಡುಕ ಬಂತು. ಹಾಕಿಕೊಂಡರೆ ಸೆಕೆ, ಬಿಚ್ಚಿದರೆ ಚಳಿ. ಇದೆಂಥ ಬೆಚ್ಚಗಿನ ಬಟ್ಟೆ ಅಂತ ಆವತ್ತೇ ಅನುಮಾನ ಶುರುವಾಯಿತು.

ಆಮೇಲಿನ ಏಳೆಂಟು ಚಳಿಗಾಲಗಳಲ್ಲಿ ಇನ್ನೂ ಮೂರು ಗೌನು ಆದವು. ಟರ್ಕಿ ಟವೆಲ್ ಬಟ್ಟೆಯದು ಒಂದು, ಉಣ್ಣೆಯದು ಒಂದು, ಕೊನೆಗೆ ನಾನೇ ಬಟ್ಟೆ ತಂದು ಹೊಲಿದುಕೊಂಡ ಕಾಟನ್ ಫ್ಲಾನೆಲ್‌ನದು ಒಂದು. ಈಗ ಬಾಗಿಲ ಹಿಂದೆ ನೇತಾಡುತ್ತಿರುವುದು ಆ ಕೊನೆಯದೇ. ಹಾಗಂತ ಅದೇ ಎಲ್ಲರಿಗೂ ಸರಿ ಅಂತ ಹೇಳಲಾರೆ, ನಾನು ಬೆವರುವ ಜಾತಿ, ನೀವು ಹಾಗಿಲ್ಲದಿರಬಹುದು. ಆದರೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಕೈಗೆ ಮೆತ್ತಗೆ ಸಿಕ್ಕಿದ್ದನ್ನು ನಂಬಬೇಡಿ. ಹತ್ತು ಸಲ ಒಗೆದ ಮೇಲೆ ಅದೇ ಬಟ್ಟೆ ಹೇಗಿರುತ್ತದೆ, ಅದನ್ನು ಹಾಕಿಕೊಂಡು ಎರಡು ಗಂಟೆ ಸುಮ್ನೆ ಕೂತರೆ ಹೇಗಾಗುತ್ತದೆ, ಅದನ್ನು ನೋಡಿ.

ಮೊದಲು ಒಂದು ಸಣ್ಣ ವಿಷಯ. ಬಟ್ಟೆಗೆ ತನ್ನದೇ ಬಿಸಿ ಇಲ್ಲ. ಬಿಸಿ ನಮ್ಮ ಮೈಯದು. ಬಟ್ಟೆ ಮಾಡುವುದು ಇಷ್ಟೇ, ಎಳೆಗಳ ನಡುವೆ ಗಾಳಿಯನ್ನು ಅಲ್ಲಾಡದ ಹಾಗೆ ಹಿಡಿದಿಡುತ್ತದೆ. ಅಲ್ಲಾಡದ ಗಾಳಿಯಲ್ಲಿ ಬಿಸಿ ಸುಲಭವಾಗಿ ಸಾಗುವುದಿಲ್ಲ. ನೀರು ಹಾಗಲ್ಲ, ಅದು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬೇಗ ಬಿಸಿಯನ್ನು ಹೊರಗೆ ಸಾಗಿಸಿಬಿಡುತ್ತದೆ. ಅದಕ್ಕೇ ಎಷ್ಟೇ ದಪ್ಪದ ಬಟ್ಟೆಯಾದರೂ ಒದ್ದೆಯಾದರೆ ಕೆಲಸಕ್ಕೆ ಬರುವುದಿಲ್ಲ. ಅಂದರೆ ಕೇಳಬೇಕಾದ ಪ್ರಶ್ನೆ ಎರಡು. ಈ ಬಟ್ಟೆ ಎಷ್ಟು ಗಾಳಿ ಹಿಡಿಯುತ್ತದೆ? ನನ್ನ ಬೆವರನ್ನು ಏನು ಮಾಡುತ್ತದೆ? ಎರಡನೆಯದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಈಗ ಆ ಬೆಕ್ಕಿನ ಮರಿ ಗೌನಿಗೆ ಬರೋಣ. ಅದು ಕೋರಲ್ ಫ್ಲೀಸ್. ಪೂರ್ತಿ ಪಾಲಿಯೆಸ್ಟರ್. ಫ್ಲೀಸ್ ಅನ್ನುವ ಹೆಸರು ಕುರಿಯ ಉಣ್ಣೆಯದು, ಆದರೆ ಇದರಲ್ಲಿ ಕುರಿ ಎಲ್ಲೂ ಇಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಲ್ಡನ್ ಮಿಲ್ಸ್ ಎಂಬ ಗಿರಣಿಯಲ್ಲಿ ಇವತ್ತಿನ ರೂಪದ ಫ್ಲೀಸ್ ತಯಾರಾಯಿತು. ಉಣ್ಣೆಯಷ್ಟು ಬೆಚ್ಚಗೆ ಇರಬೇಕು, ಹಗುರ ಇರಬೇಕು, ಬೇಗ ಒಣಗಬೇಕು ಅನ್ನುವುದು ಆಸೆ. ಬೆಟ್ಟ ಹತ್ತುವವರು, ಹೊರಗೆ ಓಡಾಡುವವರು ಅದನ್ನು ತುಂಬ ಮೆಚ್ಚಿಕೊಂಡರು. ಅವರಿಗೆ ಸರಿಯೇ. ನಾನು ಬೆಟ್ಟ ಹತ್ತುತ್ತಿಲ್ಲ, ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದೇನೆ.

ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದೇ ಇಲ್ಲ ಅನ್ನಬಹುದು. ಸಾಮಾನ್ಯ ಹವೆಯಲ್ಲಿ ತನ್ನ ತೂಕದ 0.4%ರಷ್ಟು ತೇವ ಮಾತ್ರ ಹಿಡಿಯುತ್ತದೆ. ಹತ್ತಿ ಸುಮಾರು 8%, ಉಣ್ಣೆ ಸುಮಾರು 16%. ಈ ಮೂರು ಅಂಕಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಕೂತಲ್ಲೇ ಕೂತಾಗ ಬೆನ್ನು, ಕುರ್ಚಿ ಇವೆರಡರ ನಡುವೆ ಫ್ಲೀಸ್ ಒತ್ತಿಕೊಂಡು ಅಲ್ಲಿಯ ಗಾಳಿ ಹೋಗಿಬಿಡುತ್ತದೆ, ಬೆವರಿಗೆ ಎಳೆಯೊಳಗೆ ಜಾಗ ಇಲ್ಲ, ಹಾಗಾಗಿ ಅದು ಚರ್ಮದ ಮೇಲೇ ಕೂರುತ್ತದೆ. ಒಳಗೆ ಒಂದು ತೆಳು ಹತ್ತಿ ಪೈಜಾಮ, ಪೂರ್ತಿ ತೋಳಿನ ಬನಿಯನ್ ಇದ್ದರೆ ಈ ತೊಂದರೆ ಬಹಳ ಕಡಿಮೆ ಆಗುತ್ತದೆ. ಇದನ್ನು ನಾನು ಎರಡನೇ ಚಳಿಗಾಲದಲ್ಲಿ ಕಂಡುಕೊಂಡೆ. ಮೊದಲ ಚಳಿಗಾಲ ಪೂರ್ತಿ ಗೌನನ್ನು ಬೈದುಕೊಂಡೇ ಕಳೆದೆ.

ಫ್ಲೀಸಿನ ಒಳ್ಳೆಯ ಗುಣಗಳನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ತೂಕ ಇಲ್ಲ. ಬೆಳಿಗ್ಗೆ ಒಗೆದರೆ ಸಂಜೆಗೆ ಹಾಕಿಕೊಳ್ಳಬಹುದು, ಬಿಸಿಲು ಇಲ್ಲದ ದಿನಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಕುಗ್ಗುವುದಿಲ್ಲ, ಇಸ್ತ್ರಿ ಬೇಡ. ಹಾಸಿಗೆಯಿಂದ ಎದ್ದ ತಕ್ಷಣ ಹಾಕಿಕೊಂಡರೆ ಆ ಮೊದಲ ಹತ್ತು ನಿಮಿಷ ಬೇರೆ ಯಾವ ಬಟ್ಟೆಯೂ ಇದರ ಹತ್ತಿರ ಬರುವುದಿಲ್ಲ. ಹತ್ತಿ ಗೌನು ಮೊದಲು ತಣ್ಣಗೆ ಮೈಗೆ ತಾಗುತ್ತದೆ, ಫ್ಲೀಸ್ ಹಾಗೆ ತಾಗುವುದಿಲ್ಲ. ಯಾವಾಗಲೂ ಕೈಕಾಲು ತಣ್ಣಗಿರುವವರು, ಬೆವರದವರು, ವಯಸ್ಸಾದವರು ಇದನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ಇಲ್ಲ ಅಂತಲೇ ನನಗನಿಸುತ್ತದೆ, ಆದರೆ ಒಲೆಯ ಹತ್ತಿರ ಓಡಾಡುವವರಾದರೆ ಮುಂದೆ ಬೆಂಕಿಯ ಬಗ್ಗೆ ಬರೆದಿರುವುದನ್ನು ದಯವಿಟ್ಟು ಓದಿ.

ಕೊಳ್ಳುವುದಾದರೆ ಜಿಎಸ್‌ಎಂ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. 100ರ ಸುತ್ತಮುತ್ತ ಇದ್ದರೆ ತೆಳು, 200 ಮನೆಯೊಳಗಿನ ಗೌನಿಗೆ ಸಾಕು, 300 ಅಂದರೆ ಹೊರಗೆ ಹಾಕುವ ಜಾಕೆಟ್ಟಿನ ದಪ್ಪ. ಶೆರ್ಪಾ ಅಂತ ಗುಂಗುರು ಗುಂಗುರಾಗಿ ಕುರಿಯ ಮೈಯಂತೆ ಕಾಣುವುದೊಂದು ಬರುತ್ತದೆ, ಚೆಂದ ಕಾಣುತ್ತದೆ, ಆದರೆ ಆ ಗುಂಗುರೆಲ್ಲ ಒಗೆದ ಹಾಗೆ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ನನ್ನ ಕೋರಲ್ ಫ್ಲೀಸ್ ಕೂಡ ಆರನೇ ಒಗೆತಕ್ಕೆ ಮೊಣಕೈ, ಕೂರುವ ಜಾಗ ಎರಡೂ ಕಡೆ ಗುಂಜು ಗುಂಜಾಯಿತು. ಅರ್ಧ ತಪ್ಪು ನನ್ನದೇ. ಡ್ರೈಯರ್‌ನಲ್ಲಿ ಜೋರು ಬಿಸಿಗೆ ಹಾಕುತ್ತಿದ್ದೆ. ಪಾಲಿಯೆಸ್ಟರ್‌ಗೆ ಬಿಸಿ ಆಗದು, ತುದಿಗಳು ಸುರುಟಿಕೊಂಡು ಬಿರುಸಾಗುತ್ತವೆ. ತಣ್ಣೀರಲ್ಲಿ, ಒಳಮಗ್ಗುಲು ಹೊರಗೆ ಮಾಡಿ ಒಗೆದು, ನೆರಳಲ್ಲಿ ಹರವಿದ್ದರೆ ಇನ್ನೂ ಎರಡು ವರ್ಷ ಬರುತ್ತಿತ್ತು.

ಇನ್ನೊಂದು ನನಗೆ ಕಸಿವಿಸಿ ಮಾಡುವ ಸಂಗತಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಕೃತಕ ಬಟ್ಟೆ ಒಂದರಿಂದ ಒಂದೇ ಒಗೆತಕ್ಕೆ 1900ಕ್ಕೂ ಹೆಚ್ಚು ಪ್ಲಾಸ್ಟಿಕ್ ಎಳೆಗಳು ಉದುರಬಹುದು ಅಂತ ಲೆಕ್ಕ ಸಿಕ್ಕಿತು. ಎಲ್ಲ ನೀರಿನ ಜೊತೆ ಚರಂಡಿಗೆ. ಅದಕ್ಕೆ ಫ್ಲೀಸ್ ಇಟ್ಟುಕೊಂಡವರು ಸುಮ್ನೆ ಸುಮ್ನೆ ಒಗೆಯದಿರುವುದು ಒಳ್ಳೆಯದು. ಒಣ ಚಳಿಯಲ್ಲಿ ರಾತ್ರಿ ಬಿಚ್ಚುವಾಗ ಚಟಚಟ ಅಂತ ಕಿಡಿ ಹಾರುವುದನ್ನು ಮಾತ್ರ ಮಕ್ಕಳು ಬಹಳ ಮೆಚ್ಚುತ್ತಾರೆ.

ಎರಡನೆಯದು ಟವೆಲ್ ಬಟ್ಟೆ. ಫ್ಲೀಸಿನ ಮೇಲಿನ ಸಿಟ್ಟಿಗೆ ಪೂರ್ತಿ ಆ ಕಡೆ ಹೋಗಿ 400 ಜಿಎಸ್‌ಎಂನ ಹತ್ತಿ ಗೌನು ತಂದೆ. ಸ್ನಾನ ಆದ ಮೇಲೆ ಹಾಕಿಕೊಂಡರೆ ಆಹಾ! ಎರಡೂ ಕಡೆ ಕುಣಿಕೆ ಕುಣಿಕೆಯಾಗಿ ನೇಯ್ದಿರುವುದರಿಂದ ನೀರನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ತೊಂದರೆ ಬರುವುದು ಆಮೇಲೆ. ಹೀರಿದ ನೀರು ಬಟ್ಟೆಯಲ್ಲೇ ಇದೆ, ಹಾಗಾಗಿ ಹತ್ತು ನಿಮಿಷದಲ್ಲಿ ಭುಜದ ಮೇಲೆ ಒದ್ದೆ ಕಂಬಳಿ ಹೊದ್ದ ಹಾಗೆ. ಒಣಗಲು ಒಂದು ದಿನ ಪೂರ್ತಿ ಬೇಕು, ಮೋಡ ಇದ್ದರೆ ಎರಡು ದಿನ, ಅಷ್ಟರಲ್ಲಿ ಮುಗ್ಗಲು ವಾಸನೆ. ಇದು ಸ್ನಾನದ ಗೌನು, ಚಳಿಯ ಗೌನಲ್ಲ. ಇವೆರಡೂ ಒಂದೇ ಅಂದುಕೊಂಡದ್ದು ನನ್ನ ತಪ್ಪು, ಬಟ್ಟೆಯದಲ್ಲ. ಇಟ್ಟುಕೊಂಡವರಿಗೆ ಎರಡು ಮಾತು. ಕಂಫರ್ಟು, ಸಾಫ್ಟ್‌ನರ್ ಅಂತ ಸುರಿಯಬೇಡಿ, ಅದು ಕುಣಿಕೆಗಳ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಹಾಳು ಮಾಡುತ್ತದೆ. ಒಂದು ಕುಣಿಕೆ ಎಳೆದುಕೊಂಡು ಬಂದರೆ ಕತ್ತರಿಸಿ, ಎಳೆಯಬೇಡಿ. ಕುಣಿಕೆಗಳ ತಲೆ ಕತ್ತರಿಸಿ ನಯ ಮಾಡಿದ ವೆಲೋರ್ ಕೂಡ ಸಿಗುತ್ತದೆ. ಅದು ಹೊರಗೆ ಮಖಮಲ್ಲಿನಂತೆ, ಒಳಗೆ ಟವೆಲ್. ಟವೆಲ್ ಬಟ್ಟೆಯೇ ಬೇಕು ಅನ್ನುವವರಿಗೆ ಅದು ಪರವಾಗಿಲ್ಲ. ಚೌಕ ಚೌಕ ಗುಳಿ ಇರುವ ವಾಫಲ್ ಬಟ್ಟೆ ಹಗುರ, ಬೇಗ ಒಣಗುತ್ತದೆ, ಆದರೆ ನಿಜವಾದ ಚಳಿಗೆ ಸಾಲದು.

ಉಣ್ಣೆಯ ಗೌನಿನ ಬಗ್ಗೆ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಹಾಕಿದ ನಾಲ್ಕರಲ್ಲಿ ನಿಜಕ್ಕೂ ಉತ್ತಮವಾದದ್ದು ಅದೇ. ಉಣ್ಣೆ ಎಷ್ಟು ಜಾಣ ಬಟ್ಟೆ ಅಂದರೆ, ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಅದೂ ಸಾಲದು ಅಂತ ಹಾಗೆ ತೇವ ಎಳೆದುಕೊಳ್ಳುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಬೆಚ್ಚಗಿನ ಕೋಣೆಯಿಂದ ತೇವದ ಚಳಿಗೆ ಹೋದಾಗ ಮೈ ಜುಂ ಅನ್ನದೆ ಇರುವುದು ಇದರಿಂದಲೇ. ಎಳೆಗಳು ಸುರುಳಿ ಸುರುಳಿಯಾಗಿ ಇರುವುದರಿಂದ ಗಾಳಿ ಹಿಡಿಯಲು ಜಾಗವೂ ಜಾಸ್ತಿ. ವಾಸನೆ ಬೇಗ ಬರುವುದಿಲ್ಲ, ಒಂದು ರಾತ್ರಿ ಗಾಳಿಗೆ ಹರವಿದರೆ ಸಾಕು. ಬೆಂಕಿ ಸುಲಭವಾಗಿ ಹತ್ತುವುದಿಲ್ಲ, ಹತ್ತಿದರೂ ಜ್ವಾಲೆಯಿಂದ ದೂರ ಸರಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ.

ಮತ್ತೆ ಯಾಕೆ ಅದನ್ನೇ ಹಾಕುತ್ತಿಲ್ಲ? ಮೊದಲನೆಯದು, ಚುಚ್ಚುತ್ತಿತ್ತು. ಎಲ್ಲ ಉಣ್ಣೆಯೂ ಚುಚ್ಚುವುದಿಲ್ಲ. 30 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪದ ಎಳೆಗಳು ಬಾಗದೆ ನೆಟ್ಟಗೆ ನಿಂತು ಚರ್ಮಕ್ಕೆ ತಾಗುತ್ತವೆ, ಅದೇ ನವೆ. 20 ಮೈಕ್ರಾನಿಗಿಂತ ತೆಳುವಾದ ಮೆರಿನೋ ಕುರಿಯ ಉಣ್ಣೆ ಮೈಗೆ ಹಾಯಾಗಿರುತ್ತದೆ. ನನ್ನದರಲ್ಲಿ ದಪ್ಪ ಎಳೆ ಜಾಸ್ತಿ ಇತ್ತು, ಕುತ್ತಿಗೆ ಕೆಂಪಾಗುತ್ತಿತ್ತು. ಕಾಲರಿನ ಒಳಗೆ, ತೋಳಿನ ಅಂಚಿಗೆ ಮೆತ್ತನೆಯ ಹತ್ತಿ ಬಟ್ಟೆಯ ಅಸ್ತರು ಕೊಟ್ಟ ಮೇಲೆ ಅದು ಸರಿಹೋಯಿತು. ಎರಡನೆಯದು, ನುಸಿ. ಉಣ್ಣೆ ಅಂದರೆ ಕೂದಲು, ಪತಂಗದ ಮರಿಹುಳುವಿಗೆ ಅದೇ ಊಟ. ಒಗೆಯದೆ, ಬೆವರಿನ ಜೊತೆ ಮಡಿಸಿಟ್ಟರೆ ಇನ್ನೂ ಇಷ್ಟ. ಬೇಸಿಗೆ ಕಳೆದು ತೆಗೆದಾಗ ಜೇಬಿನ ಹತ್ತಿರ ಮೂರು ತೂತು.

ತೂತನ್ನು ರಫೂ ಮಾಡಿ ಮತ್ತೆ ಹಾಕಿಕೊಂಡೆ. ಆದರೆ ಒಂದು ದಿನ ನಾನು ಊರಲ್ಲಿ ಇಲ್ಲದಾಗ ಮನೆಯವರು ಪಾಪ ಒಳ್ಳೆಯದನ್ನೇ ಮಾಡೋಣ ಅಂತ ಅದನ್ನು ಮೆಷಿನ್ನಿಗೆ ಹಾಕಿ, ಬಿಸಿ ನೀರು ಬಿಟ್ಟು, ಜೋರಾಗಿ ತಿರುಗಿಸಿದರು. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡುವುದಿಲ್ಲ. ನಾನು ಬಂದು ನೋಡಿದಾಗ ಹತ್ತು ವರ್ಷದ ಮಗುವಿಗೆ ಆಗುವಂಥ, ರಟ್ಟಿನಷ್ಟು ದಪ್ಪದ ಒಂದು ಗೌನು ತಂತಿಯ ಮೇಲೆ ನೇತಾಡುತ್ತಿತ್ತು. "ಚೆನ್ನಾಗಿ ಕ್ಲೀನ್ ಆಗಿದೆ ನೋಡಿ" ಅಂದರು. ಬಿಸಾಡಲು ಮನಸ್ಸಾಗದೆ ಪೆಟ್ಟಿಗೆಯಲ್ಲಿಟ್ಟೆ. ಮನೆಯಲ್ಲಿ ಬಟ್ಟೆ ಒಗೆಯುವವರು ನೀವೊಬ್ಬರೇ ಆಗಿದ್ದರೆ ಕಣ್ಣು ಮುಚ್ಚಿ ಉಣ್ಣೆ ಕೊಳ್ಳಿ. ಇಲ್ಲದಿದ್ದರೆ ಯೋಚಿಸಿ.

ಹೀಗೆ ಸುತ್ತಿ ಸುತ್ತಿ ಫ್ಲಾನೆಲ್‌ಗೆ ಬಂದೆ. ಫ್ಲಾನೆಲ್ ಮೂಲದಲ್ಲಿ ವೇಲ್ಸ್ ದೇಶದ ಉಣ್ಣೆ ಬಟ್ಟೆ, ಈಗ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಹತ್ತಿಯದು. ನೇಯ್ದ ಬಟ್ಟೆಯನ್ನು ಸಣ್ಣ ತಂತಿ ಹಲ್ಲುಗಳ ಉರುಳೆಯ ಮೇಲೆ ಹಾಯಿಸಿ ಎಳೆಗಳ ತುದಿ ಎಬ್ಬಿಸುತ್ತಾರೆ. ಆ ನವಿರಾದ ರೋಮವೇ ಗಾಳಿ ಹಿಡಿಯುವುದು. ಒಂದೇ ಕಡೆ ಎಬ್ಬಿಸಿದ್ದು ತೆಳು, ಅಗ್ಗ. ಎರಡೂ ಕಡೆ ಎಬ್ಬಿಸಿದ್ದು ಬೇಕು. ಬಟ್ಟೆಯ ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆ ಇಷ್ಟೇ. ಬೆಳಕಿಗೆ ಹಿಡಿದೆ, ನೇಯ್ಗೆಯ ಸಂದಿಯಲ್ಲಿ ಬೆಳಕು ಜರಡಿಯಂತೆ ಕಂಡರೆ ಪಕ್ಕಕ್ಕಿಟ್ಟೆ. ಹೆಬ್ಬೆರಳಲ್ಲಿ ಒಂದೇ ಜಾಗವನ್ನು ಇಪ್ಪತ್ತು ಸಲ ಜೋರಾಗಿ ಉಜ್ಜಿದೆ, ಆಗಲೇ ಗುಂಜು ಎದ್ದರೆ ಅದು ಮನೆಯಲ್ಲೂ ಏಳುತ್ತದೆ. ಅಂಗಡಿಯವರು ಓರೆಗಣ್ಣಲ್ಲಿ ನೋಡಿದರು, ನೋಡಲಿ ಬಿಡಿ. ಕೊನೆಗೆ 180 ಜಿಎಸ್‌ಎಂ ಹತ್ತಿರದ್ದೊಂದು ಆರಿಸಿದೆ.

ಒಂದು ಪದರದ ಫ್ಲಾನೆಲ್ ಮಾತ್ರ ನನಗೆ ಸಾಲುತ್ತಿರಲಿಲ್ಲ. ಗುಟ್ಟು ಇರುವುದು ಎರಡು ಪದರದಲ್ಲಿ. ಮೈ ಭಾಗಕ್ಕೆ ಹೊರಗೆ ದಪ್ಪ ಫ್ಲಾನೆಲ್, ಒಳಗೆ ತೆಳು ಫ್ಲಾನೆಲ್, ಭುಜ ಮತ್ತು ಅಂಚಿನಲ್ಲಿ ಮಾತ್ರ ಸೇರಿಸಿ ನಡುವೆ ಸಡಿಲ ಬಿಟ್ಟೆ. ಆ ನಡುವಿನ ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ ಅಲ್ವಾ! ತೋಳಿಗೆ ಒಂದೇ ಪದರ. ಎರಡು ಹಾಕಿದರೆ ಮೊಣಕೈ ಮಡಚುವಾಗ ದಿಂಬು ಕಟ್ಟಿಕೊಂಡ ಹಾಗಾಗುತ್ತದೆ. ಕೂತಾಗ ಬೆವರಿದರೂ ಒಳಪದರ ಅದನ್ನು ಎಳೆದುಕೊಳ್ಳುತ್ತದೆ, ಹೊರಪದರ ಒಣಗಿಯೇ ಇರುತ್ತದೆ. ಎರಡು ಗಂಟೆ ಕೂತು ಎದ್ದಾಗ ಆ ಹಳೆಯ ನಡುಕ ಇಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ.

ಹೊಲಿಸುವವರಿಗೆ ಹೇಳಬೇಕಾದದ್ದು: ಒಂದೂವರೆ ಮೀಟರ್ ಅಗಲದ ಬಟ್ಟೆಯಾದರೆ ಮೀನಖಂಡ ಮುಚ್ಚುವ ಗೌನಿಗೆ ಹೊರಪದರಕ್ಕೇ ಹೆಚ್ಚುಕಡಿಮೆ ನಾಲ್ಕು ಮೀಟರ್ ಹಿಡಿಯಿರಿ. ರೋಮ ಇರುವ ಬಟ್ಟೆಯಲ್ಲಿ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು, ಇಲ್ಲದಿದ್ದರೆ ಒಂದು ತೋಳು ಕಪ್ಪಗೆ ಒಂದು ತೋಳು ಬಿಳಿಚಿದಂತೆ ಕಾಣುತ್ತದೆ, ಅದಕ್ಕೇ ಬಟ್ಟೆ ಸ್ವಲ್ಪ ಜಾಸ್ತಿ ಬೇಕು. ಕತ್ತರಿಸುವ ಮೊದಲು ಎರಡೂ ಬಟ್ಟೆಗಳನ್ನು ಒಗೆದು ಒಣಗಿಸಿ. ಹತ್ತಿ ಫ್ಲಾನೆಲ್ ಕುಗ್ಗುತ್ತದೆ. ಹೊರಗಿನದು ಒಂದಷ್ಟು, ಒಳಗಿನದು ಇನ್ನೊಂದಷ್ಟು ಕುಗ್ಗಿದರೆ ಅಂಚೆಲ್ಲ ಸುರುಟಿಕೊಳ್ಳುತ್ತದೆ. ಇದನ್ನು ಅನುಭವದಿಂದ ಹೇಳುತ್ತಿಲ್ಲ, ಸದ್ಯ, ಇದೊಂದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದೆ.

ಮುಂಭಾಗ ಒಂದರ ಮೇಲೊಂದು ಧಾರಾಳವಾಗಿ ಬರಬೇಕು, ಕನಿಷ್ಠ ಒಂದು ಗೇಣು. ಅಂಗಡಿಯ ಗೌನುಗಳಲ್ಲಿ ಬಟ್ಟೆ ಉಳಿಸುವುದು ಇಲ್ಲೇ. ನಿಂತಾಗ ಸರಿಯಾಗಿ ಕಾಣುತ್ತದೆ, ಕೂತ ತಕ್ಷಣ ಮಂಡಿಯಿಂದ ಕೆಳಗೆ ಎರಡೂ ಕಡೆ ಬಾಗಿಲು ತೆರೆದುಕೊಂಡು ಚಳಿ ಒಳಗೆ. ಅದಕ್ಕೆ ಹಾಕಿ ನೋಡುವಾಗ ಕೂತು ನೋಡಿ. ಒಳಗೊಂದು ಸಣ್ಣ ದಾರ ಕಟ್ಟುವ ಹಾಗಿದ್ದರೆ ಇನ್ನೂ ಒಳ್ಳೆಯದು. ತೋಳು ಅಗಲ ಬೇಡ.

ಫ್ಲಾನೆಲ್‌ನಲ್ಲಿ ದೋಷ ಇಲ್ಲ ಅಂತಲ್ಲ. ಕೂರುವ ಜಾಗದಲ್ಲಿ ರೋಮ ಸವೆದು ಮೂರನೇ ವರ್ಷಕ್ಕೆ ಸಾದಾ ಬಟ್ಟೆಯಂತಾಗಿದೆ. ಎರಡು ಪದರ ಇರುವುದರಿಂದ ಒಣಗಲು ಫ್ಲೀಸಿಗಿಂತ ಬಹಳ ಹೊತ್ತು ಬೇಕು. ಎಲ್ಲಕ್ಕಿಂತ ದೊಡ್ಡದು ಬೆಂಕಿ. ಎಬ್ಬಿಸಿದ ಹತ್ತಿಯ ರೋಮ ತೆಳು, ಸುತ್ತ ಗಾಳಿ, ಹಾಗಾಗಿ ಜ್ವಾಲೆ ತಗುಲಿದರೆ ಮೇಲ್ಮೈ ಮೇಲೆ ಸರ್ರನೆ ಓಡುತ್ತದೆ. ಪಾಲಿಯೆಸ್ಟರ್ ಇನ್ನೊಂದು ಬಗೆ, ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಯಾವುದು ವಾಸಿ ಅಂತ ಕೇಳಬೇಡಿ. 2009ರಲ್ಲಿ ಅಮೆರಿಕದಲ್ಲಿ ಶೆನಿಲ್ ಅನ್ನುವ ಮೆತ್ತನೆಯ ರೋಮದ ಬಟ್ಟೆಯ ಹೆಂಗಸರ ಗೌನುಗಳನ್ನು ಕೊಂಡವರಿಂದ ವಾಪಸ್ ತರಿಸಿದರು, ಅವಕ್ಕೆ ಬೆಂಕಿ ಹತ್ತಿ 9 ಮಂದಿ ಸತ್ತ ವರದಿ ಬಂದಿತ್ತು, ಅವರಲ್ಲಿ ಕೆಲವರು ಆ ಹೊತ್ತಿಗೆ ಅಡುಗೆ ಮಾಡುತ್ತಿದ್ದರು. ಬ್ರಿಟನ್ನಿನಲ್ಲಿ 1985ರಿಂದಲೇ ಇದಕ್ಕೊಂದು ನಿಯಮ ಇದೆ, ದೊಡ್ಡವರ ಗೌನು ಬೆಂಕಿಯ ಪರೀಕ್ಷೆಯಲ್ಲಿ ಪಾಸಾಗಿದೆಯೋ ಇಲ್ಲವೋ ಅಂತ ಚೀಟಿಯಲ್ಲಿ ಬರೆದಿರಬೇಕು. ನಿಮ್ಮ ಗೌನಿನಲ್ಲಿ ಚೀಟಿ ಇರಲಿ ಇಲ್ಲದಿರಲಿ, ಒಲೆಯ ಮುಂದೆ, ಹೀಟರಿನ ಪಕ್ಕ, ದೀಪದ ಹತ್ತಿರ ಹೋಗುವ ಮೊದಲು ಅದನ್ನು ಬಿಚ್ಚಿ ದೂರ ಇಡಿ. ಅಗಲ ತೋಳು ಬೇಡ ಅಂದದ್ದೂ ಅದಕ್ಕೇ.

ಉಳಿದವುಗಳ ಬಗ್ಗೆ ಎರಡೇ ಸಾಲು. ಮಖಮಲ್ಲು ಕನ್ನಡಿ ಮುಂದೆ ಚೆಂದ, ಕೂತ ಗುರುತೆಲ್ಲ ಅದರ ಮೇಲೆ ಉಳಿಯುತ್ತದೆ. ಬಿದಿರಿನ ಬಟ್ಟೆ ಅಂತ ಮಾರುವುದು ಹೆಚ್ಚಾಗಿ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆದ ವಿಸ್ಕೋಸ್, ನುಣುಪಾಗಿ ತಣ್ಣಗೆ ಇಳಿಬೀಳುತ್ತದೆ, ಅದು ಬೇಸಿಗೆಗೆ ಇರಲಿ.

ಈ ವರ್ಷ ನನ್ನ ಫ್ಲಾನೆಲ್ ಗೌನಿನ ಬಲ ಮೊಣಕೈ ಜಾಳುಜಾಳಾಗಿದೆ. ಮೊನ್ನೆ ಪೆಟ್ಟಿಗೆಯಿಂದ ಆ ಕುಗ್ಗಿದ ಉಣ್ಣೆ ಗೌನನ್ನು ತೆಗೆದೆ. ಹಾಗೆ ಬಿಗಿದುಕೊಂಡ ಉಣ್ಣೆಯನ್ನು ಹೇಗೆ ಕತ್ತರಿಸಿದರೂ ಅಂಚಿನಲ್ಲಿ ಎಳೆ ಬಿಡುವುದಿಲ್ಲ, ಮಡಚಿ ಹೊಲಿಯುವುದೂ ಬೇಡ. ಎರಡು ಮೊಣಕೈಗೂ ಅಂಗೈ ಅಗಲದ ತೇಪೆ ಕತ್ತರಿಸಿಟ್ಟಿದ್ದೇನೆ. ಒಂದನ್ನು ಹೊಲಿದಾಯಿತು. ಒಗೆಯುವುದು ಇನ್ನು ಮೇಲೆ ತಣ್ಣೀರಲ್ಲೇ, ಅಂತ ಮೆಷಿನ್ನಿನ ಮೇಲೆ ಚೀಟಿ ಅಂಟಿಸಿದ್ದೇನೆ.